ಗುಂಪು ಬಂತು

ಬ್ಯಾಡಗಿಯ ಪ್ರೌಢಶಾಲೆ, ಎಂಟನೆಯ ಬಿ.
ಗಾಳಿ ಮಾರ್ಕೆಟ್ಟಿನ ಕಡೆಯಿಂದ ಬೀಸಿದ ದಿನ
ಕಿಟಕಿ ಮುಚ್ಚಿಕೊಂಡೇ ವ್ಯಾಕರಣ.

ಕುರಿಗೆ ಹಿಂಡು, ಬಾಳೆಗೆ ಗೊನೆ,
ಸವಣೂರಿನ ಎಲೆಗೆ ಕವಳಿ, ಕಟ್ಟಿಗೆಗೆ ಹೊರೆ,
ಮೇವಿಗೆ ಬಣವಿ –
ಬರೆಸುತ್ತಿದ್ದೆ.
‘ಹಿಂಡೂದು ಅಂದ್ರ ಅರಿವಿ ಅಲ್ಲೇನ್ರಿ ಸರ?’
ಹಿಂದಿನ ಬೆಂಚು.
ತರಗತಿ ನಕ್ಕಿತು.

‘ಮೆಣಸಿನಕಾಯಿಗೆ?’ ಎಂದೆ.
ರಾಶಿ ಎಂದರು ಹಲವರು.
ಚೀಲ ಎಂದ ಹಮಾಲರ ಹುಡುಗ.
ಲಾಟು ಎಂದ ದಲಾಲಿಯ ಮಗ.
ಯಾರಿಗೂ ತಪ್ಪು ಹಾಕಲಾಗಲಿಲ್ಲ.

ಬಿಟ್ಟ ಸ್ಥಳ ತುಂಬಿರಿ:
ಹೆಂಗಸರ ಗುಂಪು ಕೆಲಸಕ್ಕೆ .....
ನೇತ್ರಾ ತಳವಾರ ಬರೆದಳು, ಬಂದರು.
ಕೆಂಪು ಗೆರೆ ಎಳೆದು ಬಂತು ಎಂದು ತಿದ್ದಿದೆ.
ಗುಂಪು ಎಂದರೆ ಒಂದು, ಗುಂಪು ಎಂದರೆ ಅದು,
ಒಳಗೆ ಯಾರಿದ್ದಾರೆಂದು ಕ್ರಿಯಾಪದ
ಇಣುಕಿ ನೋಡುವುದಿಲ್ಲ.

ಎದ್ದು ನಿಂತಳು.
‘ಸರ, ಆ ಗುಂಪಿನ್ಯಾಗ ನಮ್ಮವ್ವ ಅದಾಳ್ರಿ.
ಆಕಿ ಒಬ್ಬಾಕಿನ ಬಂದ್ರ ಬಂದ್ಲು,
ಮಂದಿ ಕೂಡ ಬಂದ್ರ ಬಂತು ಅಂದ್ರ ಹೆಂಗ್ರಿ?
ದನಾ ಬಂದಂಗ?’

ಇಪ್ಪತ್ತಾರು ವರ್ಷದ ಸರ್ವಿಸು.
ಸೂತ್ರದಲ್ಲಿ ಉತ್ತರವಿತ್ತು, ಬಾಯಲ್ಲಿ ಇರಲಿಲ್ಲ.
‘ಗುಂಪಿನಲ್ಲಿದ್ದ ಹೆಂಗಸರು ಬಂದರು ಎಂದು ಬರಿ,
ಅದು ತಪ್ಪಾಗದು’ ಎಂದೆ.
‘ಅಷ್ಟು ಜಾಗಾ ಎಲ್ಲೈತ್ರಿ?’
ನಾನೇ ಇಟ್ಟಿದ್ದ ಐದು ಚುಕ್ಕೆಗಳ ಮೇಲೆ
ಬೆರಳಿಟ್ಟು ತೋರಿಸಿದಳು.

ಮರುದಿನ ಮುಂಜಾನೆ ಹಾಲು ತರಲು ಹೋದವ
ಟೆಂಪೊ ನಿಲ್ಲುವಲ್ಲಿ ಸುಮ್ಮನೆ ನಿಂತೆ.
ಮೂಗಿಗೆ ಸೆರಗು ಬಿಗಿದು ಇಳಿದರು
ತೊಟ್ಟು ಬಿಡಿಸುವವರು.
ಒಬ್ಬಳ ಚಪ್ಪಲಿಯ ಉಂಗುಟಕ್ಕೆ ಪಿನ್ನು.
ಒಬ್ಬಳು ಮೋಟೆಬೆನ್ನೂರಿನಲ್ಲಿ ಶುರು ಮಾಡಿದ ಜಗಳವನ್ನು
ಇಳಿಯುತ್ತ ಮುಗಿಸುತ್ತಿದ್ದಳು.
ಗೋದಾಮಿನ ಒಳಗಿಂದಲೇ ಮುಕಾದಮ ಕೂಗಿದ,
‘ಗ್ಯಾಂಗ್ ಬಂತೇನೋ?’
‘ಬಂತ್ರೀ’ ಎಂದ ಡ್ರೈವರ.

ಇಬ್ಬರದೂ ಶುದ್ಧ ವ್ಯಾಕರಣ.
ನೂರಕ್ಕೆ ನೂರು ಕೊಡಬೇಕು.

ಬುಧವಾರ ನೋಟ್‌ಬುಕ್ಕಿನ ಕಟ್ಟು ಬಂತು.
ನೇತ್ರಾಳದು ತೀರ ತಳದಲ್ಲಿ.
ಹೇಳಿದಂತೆಯೇ ತಿದ್ದಿ ಬರೆದಿದ್ದಳು:
ಹೆಂಗಸರ ಗುಂಪು ಕೆಲಸಕ್ಕೆ ಬಂತು.
ಪೂರ್ಣವಿರಾಮವೂ ಇತ್ತು.
ಅದರ ಮುಂದೆ, ಸಣ್ಣ ಅಕ್ಷರದಲ್ಲಿ,
ಹುಲಿಗೆವ್ವ ಬಂದಳು. ಸಾವಕ್ಕ ಬಂದಳು.
ಮಾಬುನ್ನಿ ತಡಾಗಿ ಬಂದಳು. ಚಂದ್ರವ್ವ
ಜ್ವರ ಇದ್ದರೂ ಬಂದಳು.
ಸಾಲು ತೀರಿ, ಅಂಚಿನ ಗೆರೆ ದಾಟಿ,
ಹಾಳೆ ಮಗುಚಿದರೆ
ಅಲ್ಲಿಯೂ ಬರುತ್ತಲೇ ಇದ್ದರು.

ಕೆಂಪು ಪೆನ್ನಿನ ಟೊಪ್ಪಿಗೆ ತೆಗೆದೆ.
ಅಷ್ಟರಲ್ಲಿ ಯಾರೋ ಕಿಟಕಿ ತೆರೆದರು.
ಸೀನು ಬಂತು.
ಬಂತು.
ಇದೊಂದಕ್ಕೆ ಯಾರ ತಕರಾರೂ ಇಲ್ಲ.