ಕೊನೆಯ ಎಂಟು

ಮಂಡಿ ಮೊಹಲ್ಲಾದ ಅಂಗಡಿಯವನು ಗಾಜಿನ ಮೇಲೆ
ಮೂರು ಫಲಕ ಹರಡಿದ, ಸೀರೆ ತೋರಿಸುವವನ ಹಾಗೆ.
ಇದು ಒತ್ತಚ್ಚಿನದು, ಸರ್ಕಾರದ ಮಿಣುಕು ಮುದ್ರೆ ಸಮೇತ,
ಇದಿಲ್ಲದೆ ರಸ್ತೆಗಿಳಿದರೆ ದಂಡ.
ಇದು ಕಪ್ಪು ತಗಡು, ಮೇಲೆ ಎರಕದ ಬಿಳಿ ಅಂಕಿ,
ಪುಣೆಯಿಂದ ತರಿಸಿದ್ದು,
"ಹಳೇ ಕಾಲದ್ದೇ ಸಾರ್, ಹೊಸದಾಗಿ ಬಂದಿದೆ."
ಮೂರನೆಯದು ಸ್ಟಿಕ್ಕರು. ಅದನ್ನು ಮುಟ್ಟಲಿಲ್ಲ.

ಹಳೇ ಕಾಲದ್ದು ಹೊಸದಾಗಿ ಬರುವುದು ಹೇಗೆ
ಅಂತ ಕೇಳಬೇಕೆನ್ನಿಸಿತು.
ಕೇಳಲಿಲ್ಲ. ಟೀ ತರಿಸಿದ್ದ ಪಾಪ.
ಒತ್ತಚ್ಚಿನದೊಂದು ಕೊಂಡೆ, ಕಾನೂನಿಗೆ.

ಸ್ಕೂಟರು ಅರವತ್ತೆಂಟರ ಲ್ಯಾಂಬ್ರೆಟ್ಟಾ.
ಹಿಂದಿನ ನಂಬರಿನ ಚಿಂತೆ ನನಗಿಲ್ಲ,
ಹೋದಮೇಲೆ ಯಾರು ಏನಾದರೂ ಓದಿಕೊಳ್ಳಲಿ.
ಮುಂದಿನದು ಹಣೆಬರಹ.
ಹಣೆಬರಹವನ್ನು ಅಂಗಡಿಯಲ್ಲಿ ಆರಿಸುವ ಅವಕಾಶ
ಎಷ್ಟು ಜನಕ್ಕೆ ಸಿಗುತ್ತದೆ?

ಇರುವುದು ಒಂದೇ ಫೋಟೋ.
ಎಪ್ಪತ್ತೊಂದನೇ ಇಸವಿ, ಬನ್ನೂರು ರಸ್ತೆಯ ಪೆಟ್ರೋಲ್ ಬಂಕು.
ಅಪ್ಪ ಒಂದು ಕಾಲು ನೆಲಕ್ಕೂರಿದ್ದಾರೆ.
ಹಿಂದೆ ಪಕ್ಕಕ್ಕೆ ಕೂತ ಅಮ್ಮ
ಸೆರಗನ್ನು ಮಂಡಿಗೆ ಒತ್ತಿ ಹಿಡಿದಿದ್ದಾಳೆ, ನಗು ಇಲ್ಲ.
ಮುಂದಿನ ಮಡ್‌ಗಾರ್ಡಿಗೆ ಫಲಕವೇ ಇಲ್ಲ,
ತಗಡಿಗೇ ಕಪ್ಪು ಬಳಿದು ಬಿಳಿ ಕುಂಚದಲ್ಲಿ
ಎಂ ವೈ ಎಂ, ಅದರ ಕೆಳಗೆ
ಆರು ಸೊನ್ನೆ ಐದು ಎಂಟು.
ಮೊದಲ ಮೂರು
ಮದುವೆಗೆ ಬಂದ ಬೀಗರಂತೆ ಕಾಲು ಚಾಚಿವೆ.
ಎಂಟು ಮಾತ್ರ
ಬಸ್ಸಿನ ಸೀಟಿನಂಚಿನಲ್ಲಿ ಅರ್ಧ ಕೂತವನ ಹಾಗೆ
ಮೈ ಹಿಡಿದುಕೊಂಡು, ಇರುವೆಯಷ್ಟು ಸಣ್ಣ ಸೊಂಟ.

"ಪೇಂಟರಿಗೆ ಅರ್ಜೆಂಟು ಮಾಡಿದ್ದು ಇವರೇ,
ಮೂರು ಗಂಟೆಗೆ ಕನ್ನಂಬಾಡಿಗೆ ಹೋಗಬೇಕಿತ್ತಲ್ಲ."
ಇದು ಅಮ್ಮನ ತೀರ್ಪು.
ಆಮೇಲೆ ನಲವತ್ತು ವರ್ಷ
ಅನ್ನ ಬಸಿಯುವ ಮೊದಲೇ ಎಲೆ ಹಾಕಿ ಕೂತರೆ,
ರೈಲಿಗೆ ಒಂದೂವರೆ ಗಂಟೆ ಇರುವಾಗಲೇ ಚಪ್ಪಲಿ ಮೆಟ್ಟಿದರೆ
ಅಮ್ಮ "ಎಂಟು" ಅನ್ನುತ್ತಿದ್ದಳು, ಅಷ್ಟೇ.
ಅಪ್ಪ ಚಪ್ಪಲಿ ಬಿಡುತ್ತಿದ್ದರು.

ಲಷ್ಕರ್ ಮೊಹಲ್ಲಾದ ಖಲಂದರ್ ಸಾಬರಿಗೆ ಎಪ್ಪತ್ತಾರು.
ಈಗ ಬರೆಯುವುದು ಟಾಂಗಾದ ಬೆನ್ನಿಗೆ ಗುಲಾಬಿ,
ತಳ್ಳುಗಾಡಿಗೆ ಹೆಸರು.
ಫೋಟೋ ಕೊಟ್ಟು, ಈ ತಪ್ಪು ಹೀಗೇ ಬೇಕು ಅಂದೆ.
ಕನ್ನಡಕ ಹಣೆಗೇರಿಸಿದರು.
"ತಪ್ಪು ಬರೆಸೋಕೆ ನಾನ್ಯಾಕೆ ಸ್ವಾಮಿ?
ಇಸ್ಕೂಲ್ ಹುಡುಗರು ಪುಕ್ಕಟೆ ಬರ್ಕೊಡ್ತಾರೆ."

ದಾರಕ್ಕೆ ಸುಣ್ಣ ಸವರಿ ಟಪ್ಪೆಂದು ಬಿಟ್ಟರು ಗೆರೆ,
ನಾಲ್ಕು ಮನೆ, ಒಂದಕ್ಕೊಂದು ಸಮ.
ಅಳಿಲು ಕೂದಲಿನ ಕುಂಚ,
ಹಲ್ಲುಗಳ ನಡುವೆ ನಾಲಿಗೆಯ ತುದಿ.
ಆರು ಮುಗಿಯಲು ಒಂದು ಬೀಡಿ ಹಿಡಿಯಿತು.
ಸೊನ್ನೆಗೆ ಅರ್ಧ ಬೀಡಿ.
ಐದು.
ಎಂಟು ಬರೆದು, ಚರಂಡಿಯ ಆಚೆಗೆ ಹೋಗಿ ನಿಂತು ನೋಡಿ
ಬಹಳ ಹೊತ್ತು ಏನೂ ಮಾತಾಡಲಿಲ್ಲ.

"ಇಲ್ಲಿ ಬೆರಳಿಡಿ.
ಎಡಗಡೆ ಸರಿ ಇದೆ. ಬಲಗಡೆ ತಗಡು ಒಳಕ್ಕೆ ತಿರುಗುತ್ತೆ,
ಕಾರ್ಖಾನೆಯಲ್ಲೇ ಹಂಗೆ ಬಡಿದುಬಿಟ್ಟವ್ರೆ.
ಯಾರೇ ಬರೀಲಿ, ಎದುರು ನಿಂತವನಿಗೆ ಎಂಟು ಅರ್ಧವೇ.
ನಿಮ್ಮಪ್ಪನ ಪೇಂಟರು ಕೈ ಒಳ್ಳೇದೇ ಇತ್ತು."
ಆಮೇಲೆ, ಸ್ವಲ್ಪ ಸೋತ ದನಿಯಲ್ಲಿ,
"ಬಡಿಸಿ ನೇರ ಮಾಡಿಸಿ ತನ್ನಿ, ಪೂರಾ ಎಂಟು ಬರ್ಕೊಡ್ತೀನಿ."

ನಾನು ಬೆರಳು ತೆಗೆಯಲಿಲ್ಲ.
ಐವತ್ತು ವರ್ಷ ಇಲ್ಲೇ ಇತ್ತು ಈ ತಿರುವು,
ಅಪ್ಪ ಪ್ರತಿ ಭಾನುವಾರ ಬಟ್ಟೆಯಲ್ಲಿ ಒರೆಸಿದ್ದಾರೆ ಇದನ್ನು.
ಅವರ ಬೆರಳಿಗೆ ತಿಳಿಯದೇ ಇದ್ದೀತೇ?
ಬೇಡ ಸಾಬರೇ, ಇರಲಿ, ಅಂದೆ.

ಸಂಜೆ ಅಮ್ಮ ಅವರೆಕಾಳು ಹಿತುಕುತ್ತಿದ್ದಳು.
ತಪ್ಪು ಅಪ್ಪನದಲ್ಲ ಕಣಮ್ಮ, ತಗಡಿನದು.
ಒಂದು ಕಾಳು ಸಿಪ್ಪೆ ಬಿಟ್ಟು ಚಿಮ್ಮಿ
ಮಂಚದಡಿಗೆ ಹೋಯಿತು.
"ಹಾಗಂತ ಅಂದದ್ದನ್ನೆಲ್ಲ ವಾಪಸ್ ತಗೋಬೇಕಾ?
ತಗೊಳ್ಳಲ್ಲ."
ಸೆರಗಿಗೆ ಕೈ ಒರೆಸಿ ಬಾಗಿಲಿಗೆ ಬಂದಳು,
ಬಗ್ಗಿ ನೋಡಿದಳು.
ಐದರ ಹೊಟ್ಟೆಯ ತುಂಬ ಇರ್ವಿನ್ ರಸ್ತೆಯ ಧೂಳು.

"ಒಣಗೋಕೆ ಎಷ್ಟು ದಿನ ಬಿಡಬೇಕು ಅಂದ್ರು?"
ಎರಡು.
"ಬರೆಸಿದ್ದು ಯಾವಾಗ?"
ಮಧ್ಯಾಹ್ನ.

"ಎಂಟು," ಅಂದಳು.
ನಾನು ಕೀಲಿ ಜೇಬಿಗೆ ಹಾಕಿಕೊಂಡೆ.