ಬೆಳ್ಳಿ ನೀರು

ಬೀದರಿನ ಮನಿಯಾರ ತಾಲೀಮಿನ ಗಲ್ಲಿಯಲ್ಲಿ
ನ್ಯಾನೋ ಬೆಳ್ಳಿಯ ಫಿಲ್ಟರು ಇಟ್ಟು ನಿಂತು
ಮೂರು ದಿನ. ಕೊಡ ಹಿಡಿದು ಯಾರೂ ಬರಲಿಲ್ಲ.

"ಅದರಾಗ ಹುಳ ಅದಾವಂತ್ರೀ, ಕಬ್ಬಿಣದ್ದು"
ಅಂದಳು ಜಗದೇವಿ, ಸೆರಗು ಬಾಯಿಗೊತ್ತಿ.
"ಕಣ್ಣಿಗಿ ಕಾಣಂಗಿಲ್ಲ, ರಕ್ತದಾಗ ಇಳಿತಾವ,
ಒಂದು ಎರಡಾಗಿ, ಎರಡು ನಾಕಾಗಿ
ಕಡೀಕ ಊರಿಗೂರೇ ಬೂದಿ."
ಎಲ್ಲಿ ನೋಡಿದಿ ಅವ್ವಾ?
"ಟಾಕೀಸಿನಾಗ! ತೆಲುಗು ಸಿನಿಮಾ.
ಮದುವಿ ಆಗಿ ಆರು ತಿಂಗಳಾಗಿತ್ತು ನಂದು."

ಆ ಟಾಕೀಸಿನಲ್ಲಿ ರೀಲು ಬಿಡುತ್ತಿದ್ದವ ನಮ್ಮಪ್ಪನೇ.
ದಿನಕ್ಕೆ ನಾಲ್ಕು ಸಲ ಊರು ಬೂದಿಯಾದದ್ದು
ಅವನ ಕೈದೀಪದಲ್ಲಿ.
ನಾನು ಕಿಂಡಿಯ ಪಕ್ಕ, ಪೆಟ್ಟಿಗೆಯ ಮೇಲೆ.
ಪರದೆಯನ್ನಲ್ಲ, ಬೆಳಕಿನ ಕೋಲನ್ನು ನೋಡಿದೆ:
ಒಳಗೆ ಧೂಳು ಈಜುತ್ತಿತ್ತು.
ಅದೇ ಹುಳವೆಂದು ವಾರಪೂರ್ತಿ
ಮೂಗು ಹಿಡಿದು ಮಲಗಿದೆ.
ಈ ಓದಿಗೆ ಬಂದದ್ದೂ ಆ ಅಂಜಿಕೆಯ ಬೆನ್ನು ಹತ್ತಿಯೇ.
ಯಾವ ಅರ್ಜಿಯಲ್ಲೂ ಇದನ್ನು ಬರೆದಿಲ್ಲ.

ಜಗದೇವಿಗೆ ಹೇಳಿದೆ: ಒಂದು ಕೂದಲೆಳೆ ಹಿಡಿ,
ಸಾವಿರ ಸೀಳು ಸೀಳು, ಒಂದು ಸೀಳಿನಷ್ಟು ಬೆಳ್ಳಿ.
"ಹಣಿಗಿಗೂ ಸಿಗಂಗಿಲ್ಲ ಹಂಗಾದ್ರ!"
ಇನ್ನೂ ಎರಡು ಹೆಜ್ಜೆ ಹಿಂದೆ ಸರಿದಳು.

ಎದುರಿನ ಕಟ್ಟೆಯ ಲತೀಫುದ್ದೀನ್ ಉಸ್ತಾದರು
ಬಿದ್ರಿ ಹುಕ್ಕಾದ ಹೂವಿಗೆ ಬೆಳ್ಳಿತಂತಿ ಬಡಿಯುತ್ತ
ಎಲ್ಲ ಕೇಳಿಸಿಕೊಂಡು ಕೂತಿದ್ದರು.
ಕೋಟೆಯ ಕತ್ತಲ ಮೂಲೆಯ ಮಣ್ಣು ಚಿಟಿಕೆ ತೆಗೆದು
ನಾಲಿಗೆಗಿಟ್ಟು, ಉಗುಳಿ, ಅಂದರು:
"ಸತುವು ಇದರಾಗ ಕರ್ರಗಾಗ್ತದ, ಬೆಳ್ಳಿ ಆಗಂಗಿಲ್ಲ.
ಯಾಕ? ನನಗ ಕಾಣಂಗಿಲ್ಲ. ನಾಲಿಗಿಗೆ ಗೊತ್ತು.
ಕಾಣದ್ದಕ್ಕ ನಾ ಅಂಜೂದಿಲ್ಲ, ಬೇಟಿ.
ಒಂದ ಮಾತು ಹೇಳು:
ಬಡದಷ್ಟೂ ಬೆಳ್ಳಿ ಸವೀತದ, ಪುಡಿ ನಾ ಗುಡಿಸಿ ಇಟ್ಕೋತೀನಿ.
ನಿನ್ನ ಬೆಳ್ಳಿ ಸವದು ಎಲ್ಲಿ ಹೋಗ್ತದ?
ಮೋರಿಗಿ? ಮೋರಿಯಿಂದ ಕೆರಿಗಿ?
ಕೆರಿಯಾಗಿನ ಮೀನ ಗುಡಿಸ್ತದೇನು?"

ಊರು ತಿನ್ನುವ ಹುಳಕ್ಕೆ ನನ್ನ ಚೀಲದಲ್ಲಿ
ಹನ್ನೆರಡು ಉತ್ತರ, ಬಣ್ಣದ ಚಿತ್ರ ಸಹಿತ.
ಮೀನಿಗೆ ಒಂದೂ ಇರಲಿಲ್ಲ.
ಯಾವ ಸಿನಿಮಾದವನೂ ಅಷ್ಟು ನಿಧಾನದ ಕತೆ
ತೆಗೆಯುವುದಿಲ್ಲ; ಟಿಕೀಟು ಯಾರು ಕೊಂಡಾರು?

ಗೊತ್ತಿಲ್ಲ, ಅಂದೆ. ಕೇಳಿ ಬಂದು ಹೇಳತೀನಿ.

ಆಗ ಜಗದೇವಿ, ಯಾಕೋ,
ಒಂದು ಚರಿಗೆ ಮುಂದೆ ಹಿಡಿದಳು.
"ಭಾಂಡೆ ತೊಳಿಲಾಕ ಅಷ್ಟ, ಕುಡಿಲಾಕ ಅಲ್ಲ."
ತುಂಬಿದ್ದನ್ನು ಬಿಸಿಲಿಗೆ ಎತ್ತಿ, ಬಾಗಿಸಿ,
ಬೀಳುವ ಧಾರೆಯಲ್ಲಿ ಕಣ್ಣಿಟ್ಟು ಹುಡುಕಿದಳು.
ನಾನೂ ಹುಡುಕಿದೆ.