ಮೂರನೆಯ ತೀರ್ಪುಗಾರ್ತಿ

ನನಗೆ ಚಿತ್ರ ಗೊತ್ತಿಲ್ಲ ಅಂತ ಮೊದಲೇ ಹೇಳಿದ್ದೆ.
ಗೋಚಾ ಮೇಷ್ಟ್ರು ಕೇಳಲಿಲ್ಲ.
'ವಿಷಯ ನಮ್ಮೂರ ತಂತಿ, ನಜಿಬ್ರೋಲಾ,
ಆ ತಂತಿಯ ಮೇಲೆ ಮೂವತ್ತೊಂದು ವರ್ಷ ಓಡಾಡಿದವಳು
ಇನ್ಯಾರಿದ್ದಾರೆ' ಅಂದು
ಕೈಗೊಂದು ಪೆನ್ಸಿಲು, ಒಂದು ಹಾಳೆ ಕೊಟ್ಟರು.
ಹಾಳೆಯಲ್ಲಿ ಮೂರು ಮನೆ:
ಬಣ್ಣಕ್ಕೆ ಹತ್ತು, ಕಲ್ಪನೆಗೆ ಹತ್ತು, ಶುಚಿಗೆ ಹತ್ತು.

ಶುಚಿ!
ಮ್ಯಾಂಗನೀಸಿನ ಊರಲ್ಲಿ.
ಇಲ್ಲಿ ಒಗೆದು ಹರವಿದ ಅಂಗಿ
ಒಣಗುವಷ್ಟರಲ್ಲಿ ಮತ್ತೆ ಒಗೆತಕ್ಕೆ ಬಂದಿರುತ್ತೆ.

ಸಂಸ್ಕೃತಿ ಭವನದ ಹೀಟರು ಕೆಟ್ಟು ಎರಡು ಚಳಿಗಾಲ.
ಬಟ್ಟೆಯ ಕ್ಲಿಪ್ಪು ಹಾಕಿ ನೇತುಬಿಟ್ಟ
ಅರವತ್ತಮೂರು ಚಿತ್ರ.
ಕೋಟು ಬಿಚ್ಚದ ಮಕ್ಕಳು
ತಮ್ಮ ತಮ್ಮ ಚಿತ್ರದ ಬುಡದಲ್ಲೇ
ಸಂತೆಯಲ್ಲಿ ಸೊಪ್ಪು ಮಾರುವವರ ಹಾಗೆ ನಿಂತಿದ್ದವು.

ಟಿಬಿಲಿಸಿಯಿಂದ ಬಂದ ಇಬ್ಬರು ಮುಂದೆ.
ಹೆಂಗಸು ಕಣ್ಣು ಕಿರಿದು ಮಾಡಿ ಹಿಂದೆ ಸರಿಯುವಳು,
ಗಂಡಸು ಮೂಗು ತಾಗುವಷ್ಟು ಹತ್ತಿರ ಹೋಗುವನು.
ಎಲ್ಲಿ ನಿಂತು ನೋಡಬೇಕೋ ತಿಳಿಯದೆ
ನಾನು ತಂತಿಯನ್ನಷ್ಟೇ ನೋಡಿದೆ.

ಅಯ್ಯೋ, ಎಲ್ಲ ಸ್ಕೇಲು ಇಟ್ಟು ಎಳೆದದ್ದು.
ತಂತಿ ನೆಟ್ಟಗಿರಲ್ಲ, ಮಗಾ.
ನಡುವೆ ಅದಕ್ಕೊಂದು ಹೊಟ್ಟೆ ಬರುತ್ತೆ,
ಹನ್ನೆರಡು ಜನ ಹತ್ತಿದರೆ ಇನ್ನೊಂದಿಷ್ಟು.
ಆ ಹೊಟ್ಟೆಯ ತಳದಲ್ಲಿ ಕರೆಂಟು ಹೋದಾಗ,
ಕೆಳಗೆ ನದಿ, ಸುತ್ತ ಹಿಮ, ಒಳಗೆ ಹನ್ನೆರಡು ಉಸಿರು,
ನನ್ನ ಹತ್ತಿರ ಇದ್ದದ್ದು ಒಂದೇ ಮಾತು:
'ಅಲ್ಲಾಡಬೇಡಿ.'

ಕೆಂಪು ಡಬ್ಬಿ, ನೀಲಿ ಡಬ್ಬಿ, ರೆಕ್ಕೆ ಬಂದ ಡಬ್ಬಿ,
ಕಿಟಕಿಗೊಂದು ನಗುವ ಮುಖ.
ಚೆಂದವೇ. ಆದರೆ ಎಲ್ಲ ಹೊರಗಿನಿಂದ ಕಂಡದ್ದು.
ನನ್ನ ಡಬ್ಬಿಯನ್ನು ಹೊರಗಿನಿಂದ ನಾನು ಕಂಡದ್ದೇ ಕಡಿಮೆ,
ರಜೆಯಲ್ಲಿ, ಇನ್ನೊಬ್ಬಳ ಕೈಯಲ್ಲಿ,
ಬೇರೆಯವರ ಕೊಟ್ಟಿಗೆಗೆ ಮಾರಿದ ಹಸುವಿನ ಹಾಗೆ.

ನಲವತ್ತೇಳನೆಯದು ಬಾಗಿಲ ಸಂದಿಯಲ್ಲಿತ್ತು.
ಊರಿಲ್ಲ. ಗುಡ್ಡವಿಲ್ಲ. ತಂತಿಯೇ ಇಲ್ಲ.
ಬರೀ ಮೊಣಕಾಲು.
ತೇಪೆ ಹಾಕಿದ ಮೊಣಕಾಲು, ಕಾಲುಚೀಲ ಜಾರಿದ ಮೊಣಕಾಲು,
ಗಣಿಯ ಬೂಟು, ಆಲೂಗಡ್ಡೆಯ ಮೂಟೆ,
ಚೀಲವೊಂದರಿಂದ ಇಣುಕಿದ ಕೋಳಿಯ ಕಣ್ಣು.
ಇದ್ದಿಲಲ್ಲಿ ಬರೆದದ್ದು, ಎಲ್ಲೆಲ್ಲೂ ಬೆರಳಚ್ಚು.
ಮೂಲೆಯಲ್ಲಿ ಹಿಡಿಕೆ, ಹಿಡಿಕೆಯ ಮೇಲೊಂದು ಕೈ,
ಹೆಬ್ಬೆರಳಿಗೆ ಉಗುರಿಲ್ಲ.

'ವಿಷಯ ಬಿಟ್ಟು ಎಲ್ಲಿಗೋ ಹೋಗಿದ್ದಾನೆ' ಅಂದ ಆ ಗಂಡಸು.
ನಾನು ಕೈಗವಸು ತೆಗೆಯಲಿಲ್ಲ.

'ಯಾರ ಮಗ ನೀನು?'
ತ್ಸೋತ್ನೆ. ಹನ್ನೊಂದು ವರ್ಷ. ಕಿವಿ ಕೆಂಪಗೆ.
ಡಬ್ಬಿ ನಿಂತ ಮೇಲೆ ಹುಟ್ಟಿದವನು.
'ಅಮ್ಮನ್ನ ಕೇಳಿದೆ. ಚಿಕ್ಕವಳಿದ್ದಾಗ ದಿನಾ ಹೋಗ್ತಿದ್ದಳಂತೆ.
ಯಾರ ಮುಖವೂ ನೆನಪಿಲ್ಲವಂತೆ,
ಅಷ್ಟೆತ್ತರದ್ದು ಕಾಣ್ತಿರಲಿಲ್ಲವಂತೆ.
ಕೈಯೊಂದು ನೆನಪಿದೆಯಂತೆ.'

ಮೂರು ಮನೆಗೂ ಹತ್ತು ಹಾಕಿದೆ.
ಶುಚಿಯ ಹತ್ತನ್ನು ಅಳಿಸಿ ಹನ್ನೊಂದು ಮಾಡಿದೆ.
ಗೋಚಾ ಮೇಷ್ಟ್ರು ಕೂಡಿದರು, ಭಾಗಿಸಿದರು, ಮತ್ತೆ ಕೂಡಿದರು.
ಗೆದ್ದದ್ದು ಸೂರ್ಯಾಸ್ತ.
ಸ್ಕೇಲಿನ ತಂತಿ, ಕಿತ್ತಳೆ ಆಕಾಶ.
ನಲವತ್ತೆಂಟು ಬಣ್ಣದ ಪೆನ್ಸಿಲುಗಳನ್ನು ಎದೆಗವಚಿಕೊಂಡು
ಔಷಧಿ ಅಂಗಡಿಯವರ ಹುಡುಗಿ ಖುಷಿಗೆ ಅತ್ತೇಬಿಟ್ಟಳು.
ಅವಳ ಮೇಲೇನೂ ಸಿಟ್ಟಿಲ್ಲ.
ಕಿತ್ತಳೆ ನಿಜಕ್ಕೂ ಚೆನ್ನಾಗಿತ್ತು.

ಕುರ್ಚಿ ಒಂದರ ಮೇಲೊಂದು ಏರತೊಡಗಿದಾಗ
ಅವನ ಹತ್ತಿರ ಹೋಗಿ ಕೈಗವಸು ತೆಗೆದೆ.
'ಎಡಗೈ ಕಣೋ. ನೀನು ಬಲಗೈ ಬರೆದಿದ್ದೀ.'

ನಾಚಿಕೊಳ್ತಾನೆ ಅಂದುಕೊಂಡೆ. ಇಲ್ಲ.
ಟ್ಯೂಬ್‌ಲೈಟಿನ ಕೆಳಗೆ ನನ್ನ ಕೈ ಎಳೆದು,
ಕೊಳ್ಳಲೋ ಬೇಡವೋ ಅನ್ನುವ ಬದನೆಕಾಯಿಯ ಹಾಗೆ
ಆಚೆ ಈಚೆ ತಿರುಗಿಸಿ ನೋಡಿ,
ಭಾಗವಹಿಸಿದ್ದಕ್ಕೆ ಕೊಟ್ಟ ಪ್ರಮಾಣಪತ್ರವನ್ನು
ಬೆನ್ನು ಮೇಲಾಗಿ ಮಗುಚಿಟ್ಟ,
ಜೇಬಿನಿಂದ ಇದ್ದಿಲ ಚೂರು ತೆಗೆದ.
ಕಾವಲಿನವ ದೀಪ ಒಂದೊಂದೇ ಆರಿಸುತ್ತ ಬರುತ್ತಿದ್ದ.

'ಅಲ್ಲಾಡಬೇಡಿ' ಅಂದ.